ಕರಡು ನಿಯಮಕ್ಕೆ ಆಕ್ಷೇಪಣೆ ಕಳಿಸಿದರೆ ಓದೋರು ಇದ್ದಾರಾ?

ಗಿರಣಿಯವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಊರಿನ ಸಂತೆ ಬೀದಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಅಪ್ಪ ಹಾಕಿದ್ದು, ಏಳು ವರ್ಷದಿಂದ ನಾನು ನಡೆಸ್ತಿದ್ದೀನಿ. ರಾಗಿ, ಗೋಧಿ, ಅಕ್ಕಿಗೆ ಒಂದು, ಮೆಣಸಿನಕಾಯಿ ಧನಿಯಕ್ಕೆ ಇನ್ನೊಂದು ಮಿಷನ್ನು. ಒಟ್ಟು 15 ಎಚ್.ಪಿ. ಫೆಬ್ರವರಿಯಿಂದ ಮೇ ತನಕ ಖಾರದ ಪುಡಿ ಮಾಡಿಸೋರ ಸಾಲು ಬೀದಿಗೆ ಬಂದಿರುತ್ತೆ. ಮಳೆ ಹಿಡೀತು ಅಂದ್ರೆ ದಿನಕ್ಕೆ ನಾಲ್ಕು ಡಬ್ಬ ಬಂದರೆ ಹೆಚ್ಚು.

ಆ ನಾಲ್ಕು ಡಬ್ಬದ ಕಾಲದಲ್ಲೇ ಬಿಲ್ಲಿಗೆ ಭದ್ರತೆ ಅಂತ ಇಡಿಸಿಕೊಳ್ಳೋ ಠೇವಣಿ ಸಾಲದು, ಹೆಚ್ಚುವರಿ ಠೇವಣಿ ಕಟ್ಟಿ ಅಂತ ಕರೆಂಟಿನವರ ನೋಟಿಸ್ ಬಂತು. 6,840 ರೂಪಾಯಿ, 30 ದಿನ ಗಡುವು. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ಕಟ್ಟಿದೆ.

ಹೋದ ವಾರ ಗಿರಣಿ ಮಾಲೀಕರ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಪಿಡಿಎಫ್ ಹಾಕಿದ್ರು. ಇದೇ ಠೇವಣಿ ನಿಯಮಕ್ಕೆ ತಿದ್ದುಪಡಿ ಮಾಡೋ ಕರಡು, ಇಂಗ್ಲಿಷಲ್ಲಿತ್ತು. ನನ್ನ ಇಂಗ್ಲಿಷು ಬಿಲ್ ಓದೋವಷ್ಟೇ, ಹಾಗಾಗಿ ತಂಗಿ ಮಗಳನ್ನ ಕೂರಿಸಿಕೊಂಡು ಓದಿಸಿದೆ. ಆಕ್ಷೇಪಣೆ, ಸಲಹೆ ಇದ್ದವರು 30 ದಿನದೊಳಗೆ ಕಳಿಸಬಹುದು ಅಂತ ಮೊದಲ ಪುಟದಲ್ಲೇ ಇದೆಯಂತೆ.

ನನ್ನಂಥವಳು ಬರೆದರೆ ಅದನ್ನ ಯಾರಾದರೂ ಓದ್ತಾರಾ? ಕನ್ನಡದಲ್ಲಿ ಬರೀಬಹುದಾ, ವಕೀಲರ ಕೈಲೇ ಬರೆಸಬೇಕಾ? ನಮ್ಮ ಭಾವ "ಇದೆಲ್ಲ ಶಾಸ್ತ್ರಕ್ಕೆ ಕೇಳೋದು, ಮದುವೆ ಮುಗಿದ ಮೇಲೆ ಹುಡುಗಿ ಒಪ್ಪಿಗೆ ಕೇಳಿದ ಹಾಗೆ" ಅಂತಾರೆ. ಅನುಭವ ಇರೋರು ಹೇಳಿ.

ಶಾಕ್_ಹೊಡೆದವ ಉತ್ತರ:

ನಿಮ್ಮ ಭಾವ ಬುದ್ಧಿವಂತರು. 2025ರಲ್ಲಿ ಪಿಂಚಣಿ, ಗ್ರಾಚುಟಿ ಅಂತ ಯೂನಿಟ್ ಮೇಲೆ 36 ಪೈಸೆ ಬಿತ್ತಲ್ಲ, ಅದಕ್ಕೆ ವಿರೋಧ ಕಮ್ಮಿ ಇತ್ತಾ? ಬಿತ್ತು, ಎಲ್ಲರೂ ಕಟ್ತಾ ಇದ್ದೀವಿ. ಆ ಟೈಮಲ್ಲಿ ಎರಡು ಕೆಜಿ ರಾಗಿ ಬೀಸಿ, ಅದಾದರೂ ಗಿಟ್ಟುತ್ತೆ.

ಹಳೇ_ಸೆಕ್ರೆಟರಿ ಉತ್ತರ:

ತಂಗಿ, ಮೊದಲು ಒಂದು ಕೆಲಸ ಮಾಡಿ. ಆ ಪಿಡಿಎಫ್ ತೆಗೆದು, ಅದರಲ್ಲಿ ತಾರೀಕು ಎಷ್ಟಿದೆ ನೋಡಿ. ವಾಟ್ಸಾಪಿನಲ್ಲಿ ಬರೋ ಕರಡು ಹಳಸಿದ ಅನ್ನ ಇದ್ದ ಹಾಗೆ, ಬಿಸಿ ಮಾಡಿ ಕೊಟ್ಟಿರ್ತಾರೆ. ಅದು ನೋಡಿ ಆದಮೇಲೆ ಕೆಳಗಿನದು ಓದಿ. ಉದ್ದ ಆಯ್ತು, ಬೈಬೇಡಿ. ನಿವೃತ್ತ ಮನುಷ್ಯ, ಬೇರೆ ಕೆಲಸ ಇಲ್ಲ.

ನಾನು 31 ವರ್ಷ ಒಂದು ಹಳ್ಳಿ ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದೆ. ಎರಡು ಎಕರೆ ಅಡಿಕೆ ತೋಟ, 7.5 ಎಚ್.ಪಿ. ಪಂಪು. ಕರೆಂಟಿನ ದರ, ನಿಯಮ ಎಲ್ಲಾ ಗೊತ್ತು ಮಾಡೋದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ಅದು ನಡೆಸೋ ದರದ ಬಹಿರಂಗ ವಿಚಾರಣೆಗೆ ಮೊದಲ ಸಲ ಹೋಗಿದ್ದು ಹನ್ನೆರಡು ವರ್ಷದ ಹಿಂದೆ. ಆ ಬೇಸಿಗೆಯಲ್ಲಿ ವೋಲ್ಟೇಜ್ ಇಲ್ಲದೆ ನನ್ನ ಮೋಟರು ಎರಡು ಸಲ ಸುಟ್ಟಿತ್ತು. ರಿವೈಂಡಿಂಗ್ ಅಂಗಡಿಯಿಂದ ಆ ಕರಕಲು ತಾಮ್ರದ ತಂತಿಯನ್ನ ಇಸ್ಕೊಂಡು, ಪ್ಲಾಸ್ಟಿಕ್ ವೈರಿನ ಚೀಲದಲ್ಲಿ ಹಾಕ್ಕೊಂಡು ಹೋಗಿ, ನನ್ನ ಸರದಿ ಬಂದಾಗ ಮೇಜಿನ ಮೇಲೆ ಸುರಿದೆ. ಸಭೆಯಲ್ಲಿ ಚಪ್ಪಾಳೆ. ಹತ್ತು ನಿಮಿಷ ಮಾತಾಡಿದೆ, ಗಂಟಲು ಕಟ್ಟಿತು. ಎಲ್ಲಾ ಕೇಳಿ ಆದಮೇಲೆ ಮೇಲೆ ಕೂತವರೊಬ್ಬರು ಬಹಳ ಮರ್ಯಾದೆಯಿಂದಲೇ ಕೇಳಿದರು: "ಯಜಮಾನರೇ, ಅರ್ಜಿಯ ಯಾವ ಪುಟಕ್ಕೆ ನಿಮ್ಮ ಆಕ್ಷೇಪಣೆ?"

ದರ ಏರಿಸಿ ಅಂತ ಕರೆಂಟ್ ಕಂಪನಿ ಆಯೋಗಕ್ಕೆ ಕೊಡೋ ಅರ್ಜಿ ಅನ್ನೋದು ಒಂದಿದೆ ಅಂತಲೇ ನನಗೆ ಗೊತ್ತಿರಲಿಲ್ಲ! ತಂತಿ ಎಲ್ಲಾ ಬಾಚಿ ಚೀಲಕ್ಕೆ ತುಂಬ್ಕೊಂಡು ಬಂದೆ. ನನ್ನ ಹಿಂದೆ ಇದ್ದವರು ಟೀಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿದ್ದು, ಅವರ ಹಿಂದಿನವರು ಕಂಬ ಬಾಗಿದ್ದು. ಒಂದೂ ಸುಳ್ಳಲ್ಲ, ಆದರೆ ಅಲ್ಲಿ ಹೇಳೋ ಮಾತಲ್ಲ. ಅದಕ್ಕೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಅಂತ ಬೇರೆ ಇದೆ, ಅಲ್ಲಿ ಆಗದಿದ್ದರೆ ಒಂಬುಡ್ಸ್‌ಮನ್. 2003ರ ವಿದ್ಯುತ್ ಕಾಯ್ದೆಯ 42ನೇ ಸೆಕ್ಷನ್ನಿನಲ್ಲೇ ಎರಡೂ ಇವೆ.

ಮುಂದಿನ ವರ್ಷ ಅರ್ಜಿ ಓದಿಕೊಂಡು ಹೋದೆ. ನಮ್ಮ ಕಡೆ ಪಂಪ್‌ಸೆಟ್ಟಿಗೆ ಮೀಟರ್ ಇಲ್ಲ, 10 ಎಚ್.ಪಿ. ತನಕ ಉಚಿತ, ಆ ದುಡ್ಡು ಸರ್ಕಾರ ಸಬ್ಸಿಡಿಯಾಗಿ ಕಟ್ಟುತ್ತೆ. ಮೀಟರೇ ಇಲ್ಲ ಅಂದ್ರೆ ಒಂದು ಪಂಪು ವರ್ಷಕ್ಕೆ ಎಷ್ಟು ಯೂನಿಟ್ ಎಳೀತು ಅಂತ ಹೇಗೆ ಗೊತ್ತಾಗುತ್ತೆ? ಅಂದಾಜು. ಆ ಅಂದಾಜು ಜಾಸ್ತಿ ಹಾಕಿದರೆ ಏನಾಗುತ್ತೆ ನೋಡಿ. 100 ಯೂನಿಟ್ ಕಳಿಸಿದ್ದಾರೆ, ಮೀಟರಿನಲ್ಲಿ ಸಿಕ್ಕಿದ್ದು 55 ಅಂತ ಇಟ್ಕೊಳ್ಳಿ. ಉಳಿದ 45ರಲ್ಲಿ 30 ಪಂಪಿಗೆ ಅಂದರೆ ಸೋರಿಕೆ 15. ಪಂಪಿಗೆ 35 ಅಂದರೆ ಸೋರಿಕೆ ಬರೀ 10! ಕಳ್ಳತನ, ಹಳೇ ತಂತಿಯ ನಷ್ಟ ಎಲ್ಲಾ ರೈತನ ಹೆಗಲಿಗೆ. ಸಂಘದ ಗೋದಾಮಿನಲ್ಲಿ ಇಲಿ ತಿಂದ ಗೊಬ್ಬರ ಅಂತ ನಾವೂ ಲೆಕ್ಕ ಬರೀತಿದ್ವಿ, ಹಾಗಾಗಿ ನನಗೆ ಬೇಗ ಹೊಳೀತು.

ಕೃಷಿಗೇ ಬೇರೆ ಮಾಡಿದ ಫೀಡರ್, ಅಂದರೆ ಉಪಕೇಂದ್ರದಿಂದ ಹೊರಡೋ ಲೈನು, ಇದ್ದರೆ ಅದರ ಬುಡದಲ್ಲಿ ಉಪಕೇಂದ್ರದೊಳಗೆ ಮೀಟರ್ ಇರುತ್ತೆ. ನಾನು ಬರೆದದ್ದು ಇಷ್ಟೇ, ಒಂದು ಪುಟ: ಅರ್ಜಿಯ ಇಂಥ ಕೋಷ್ಟಕದಲ್ಲಿ ಒಂದು ಪಂಪಿಗೆ ವರ್ಷಕ್ಕೆ ಇಷ್ಟು ಅಂತ ಹಾಕಿದ್ದೀರಿ, ನಮ್ಮ ಉಪಕೇಂದ್ರದ ಕೃಷಿ ಫೀಡರಿನ ಮೀಟರ್ ಲೆಕ್ಕವನ್ನ ಪಂಪುಗಳ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು ಬರುತ್ತೆ, ದಯವಿಟ್ಟು ತಿಳಿಸಿ.

ಕಂಪನಿಯಿಂದ ಮನೆಗೆ ಉತ್ತರ ಬಂತು, ಅಂಚೆಯಲ್ಲಿ, ಎರಡು ಪುಟ. ಪೋಸ್ಟ್‌ಮನ್ನಿಗೂ ಆಶ್ಚರ್ಯ, ಕರೆಂಟಿನವರು ಬಿಲ್ ಬಿಟ್ಟು ಇನ್ನೇನಾದರೂ ಕಳಿಸ್ತಾರಾ ಅಂತ. ಉತ್ತರ ನನಗೆ ಸಮಾಧಾನ ತರಲಿಲ್ಲ, ಒಂದು ಅಂಕಿಯನ್ನ ಜಾರಿಸಿದ್ದರು. ಆದರೆ ಆದೇಶ ಹೊರಬಿದ್ದಾಗ ಅದರಲ್ಲಿ ಆಕ್ಷೇಪಣೆಗಳ ಅಧ್ಯಾಯದಲ್ಲಿ ನನ್ನ ಪ್ರಶ್ನೆ ಇತ್ತು, ಕಂಪನಿಯ ಉತ್ತರ ಇತ್ತು, ಕೆಳಗೆ ಆಯೋಗದ ಅಭಿಪ್ರಾಯ ಇತ್ತು. ಮೂರು ಸಾಲು. ಝೆರಾಕ್ಸ್ ತೆಗೆಸಿ ಇಟ್ಟಿದ್ದೀನಿ. ನಮ್ಮಾಕೆ "ಮೂರು ಸಾಲಿಗೆ ಮೂರು ಬಸ್ಸು ಹತ್ತಿ ಹೋಗಿದ್ರಾ" ಅಂದಳು.

ಶಾಕ್_ಹೊಡೆದವರೇ, ನಿಮ್ಮ 36 ಪೈಸೆ ಮಾತು ನಿಜ, ಅಲ್ಲಗಳೆಯಲ್ಲ. ಆದರೆ 2023ರಲ್ಲಿ ಕಂಪನಿಗಳು ಯೂನಿಟ್ಟಿಗೆ ಸರಾಸರಿ 139 ಪೈಸೆ ಏರಿಸಿ ಅಂತ ಕೇಳಿದ್ದವು, ಆಯೋಗ ಕೊಟ್ಟಿದ್ದು 70. ಅದರ ಮುಂದಿನ ವರ್ಷ 100 ಯೂನಿಟ್ ದಾಟಿದ ಮನೆಗಳಿಗೆ 7 ರೂಪಾಯಿ ಇದ್ದ ದರ 5.90ಕ್ಕೆ ಇಳೀತು. ನನ್ನ ಭಾಷಣದಿಂದ ಇಳೀತು ಅಂತ ನಾನು ಹೇಳ್ತಿಲ್ಲ, ಹೇಳಿದರೆ ನೀವೇ ನಗ್ತೀರಿ. ಕೇಳಿದ್ದನ್ನೆಲ್ಲ ಹಾಗೇ ಕೊಟ್ಟುಬಿಡ್ತಾರೆ ಅನ್ನೋದು ಸುಳ್ಳು, ಅಷ್ಟೇ.

ತಂಗಿ, ನಿಮ್ಮ ಪ್ರಶ್ನೆಗೆ ಬರ್ತೀನಿ. ಕನ್ನಡದಲ್ಲೇ ಬರೀರಿ, ಇದು ಕರ್ನಾಟಕ. ವಕೀಲರು ಬೇಡ. ದರದ ವಿಷಯದಲ್ಲಿ ಆಕ್ಷೇಪಣೆ ಜೊತೆ ಅಫಿಡವಿಟ್ ಕೇಳ್ತಾರೆ, ಎಷ್ಟು ಪ್ರತಿ, ಕಂಪನಿಗೆ ಪ್ರತಿ ಕೊಡಬೇಕಾ ಅನ್ನೋದೆಲ್ಲ ಪ್ರಕಟಣೆಯಲ್ಲೇ ಇರುತ್ತೆ. ಕರಡು ನಿಯಮಕ್ಕೆ ಸಾಮಾನ್ಯವಾಗಿ ಬರೀ ಪತ್ರ ಸಾಕು.

ನಾನು ಇಷ್ಟು ವರ್ಷದಲ್ಲಿ ಕಂಡಿದ್ದು ಒಂದು ವಿಚಿತ್ರ. ದರದ ವಿಚಾರಣೆಗೆ ಜನ ಬರ್ತಾರೆ, ಪೇಪರಿನವರು ಬರ್ತಾರೆ, ಊಟಕ್ಕೂ ಸಾಲು ಇರುತ್ತೆ. ದರ ಬದಲಾಗ್ತಾ ಇರುತ್ತೆ. ಆದರೆ ಠೇವಣಿ ಎಷ್ಟು, ಟೀಸಿ ಸುಟ್ಟರೆ ಎಷ್ಟು ಗಂಟೆಯೊಳಗೆ ಹಾಕಬೇಕು, ಹಾಕದಿದ್ದರೆ ಪರಿಹಾರ ಎಷ್ಟು, ಹೊಸ ಕನೆಕ್ಷನ್ನಿಗೆ ಏನೇನು ಕಾಗದ ಅನ್ನೋ ನಿಯಮಗಳು ಒಂದು ಸಲ ಬಂದರೆ ಹತ್ತಿಪ್ಪತ್ತು ವರ್ಷ ಕೂತ್ಕೊಳ್ತವೆ. 2004ರ ನಿಯಮಾವಳಿಯಲ್ಲಿ ಸುಟ್ಟ ಟೀಸಿ ಬದಲಿಸೋಕೆ ಪೇಟೆಯಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆ ಅಂತ ಬರೆದರು. ಪೇಟೆಯವನ ಫ್ರಿಜ್ಜಿಗೆ ಒಂದು ದಿನ, ಹಳ್ಳಿಯವನ ಬೆಳೆಗೆ ಮೂರು ದಿನ. ಅದು ಕರಡಿನಲ್ಲಿದ್ದಾಗ ನಾನೂ ಬರೀಲಿಲ್ಲ, ನನಗೆ ಗೊತ್ತಿರೋ ಒಬ್ಬರೂ ಬರೀಲಿಲ್ಲ. ನಾನಂತೂ ಆಗ ಸಂಘದ ಆಡಿಟ್ ಮುಗಿಸೋ ಗಡಿಬಿಡಿಯಲ್ಲಿದ್ದೆ.

ತಾರೀಕು ನೋಡಿದ್ರಾ?

ಗಿರಣಿಯವಳು ಉತ್ತರ:

ಅಯ್ಯೋ ಅಣ್ಣಾ, ನೋಡಿದೆ. ಎರಡು ವರ್ಷದ ಹಿಂದಿನದು! ತಂಗಿ ಮಗಳು ವೆಬ್‌ಸೈಟಿನಲ್ಲಿ ಹುಡುಕಿದಳು, ಅದು ಅಂತಿಮ ಆಗಿ ರಾಜ್ಯಪತ್ರದಲ್ಲಿ ಬಂದೂ ಆಗಿದೆ. ನನಗೆ ಬಂದ ನೋಟಿಸು ಅದೇ ಲೆಕ್ಕದ್ದೇ ಇರಬೇಕು. ಗುಂಪಿಗೆ ಹಾಕಿದ ಮಹಾನುಭಾವರನ್ನ ಕೇಳಿದೆ, "ನನಗೂ ಯಾರೋ ಕಳಿಸಿದ್ದು" ಅಂದ್ರು. ಹೊಟ್ಟೆ ಉರೀತಿದೆ. ಆ 30 ದಿನದಲ್ಲಿ ನಾನು ಇದೇ ಗಿರಣಿಯಲ್ಲಿ ಇದ್ದೆ, ಒಬ್ಬರೂ ಹೇಳಲಿಲ್ಲ. ಈಗ ಏನೂ ಮಾಡಕ್ಕಾಗಲ್ವಾ? "ನನಗೆ ತಿಳಿಸಲೇ ಇಲ್ಲ" ಅಂತ ಕೇಸ್ ಹಾಕಬಹುದಾ?

ಕಡತದ_ಹುಳ ಉತ್ತರ:

ವಕೀಲ ವೃತ್ತಿಯವನು, ಆದರೆ ಇಲ್ಲಿ ಬರೆದದ್ದನ್ನ ಕಾನೂನು ಸಲಹೆ ಅಂತ ತಗೋಬೇಡಿ.

"ನನಗೆ ತಿಳಿಸಲಿಲ್ಲ" ಅನ್ನೋ ಕಾರಣಕ್ಕೆ ಕೇಸ್ ನಿಲ್ಲೋದು ಬಹಳ ಕಷ್ಟ ಮೇಡಂ. ವಿದ್ಯುತ್ ಕಾಯ್ದೆಯ 181ನೇ ಸೆಕ್ಷನ್ ಪ್ರಕಾರ ರಾಜ್ಯ ಆಯೋಗ ಮಾಡೋ ಎಲ್ಲಾ ನಿಯಮಗಳಿಗೂ ಪೂರ್ವ ಪ್ರಕಟಣೆ ಕಡ್ಡಾಯ. ಪೂರ್ವ ಪ್ರಕಟಣೆ ಅಂದರೆ ಏನು ಅಂತ 1897ರ ಜನರಲ್ ಕ್ಲಾಸಸ್ ಆ್ಯಕ್ಟಿನ 23ನೇ ಸೆಕ್ಷನ್ ಹೇಳುತ್ತೆ: ಬಾಧಿತರಾಗಬಹುದಾದವರ ಮಾಹಿತಿಗೆ ಕರಡು ಪ್ರಕಟಿಸಬೇಕು, ಯಾವ ದಿನದ ನಂತರ ಅದನ್ನ ಪರಿಗಣಿಸ್ತೀವಿ ಅಂತ ತಿಳಿಸಬೇಕು, ಆ ದಿನದೊಳಗೆ ಬಂದ ಆಕ್ಷೇಪಣೆಗಳನ್ನ ಪರಿಗಣಿಸಬೇಕು. ಪ್ರತಿಯೊಬ್ಬರ ಮನೆ ಬಾಗಿಲು ತಟ್ಟಬೇಕು ಅಂತ ಎಲ್ಲೂ ಇಲ್ಲ. ಬಂದ ಆಕ್ಷೇಪಣೆಗೆ ಉತ್ತರ ಕೊಡಬೇಕು ಅಂತಲೂ ಇಲ್ಲ! ಸೆಕ್ರೆಟರಿಯವರು ಹೇಳಿದ ಮೂರು ಸಾಲು ಸಿಗೋದು ದರದ ಆದೇಶದಲ್ಲಿ. ನಿಯಮದ ವಿಷಯದಲ್ಲಿ ಆ ಭಾಗ್ಯ ಸಿಕ್ಕೇ ಸಿಗುತ್ತೆ ಅನ್ನೋ ಖಾತ್ರಿ ಕಾನೂನಿನಲ್ಲಿಲ್ಲ.

ಆ 23ನೇ ಸೆಕ್ಷನ್ನಿನ ಕೊನೆಯ ಉಪಖಂಡ ಇನ್ನೂ ಮಜಾ. ಪೂರ್ವ ಪ್ರಕಟಣೆ ಮಾಡಿಯೇ ಈ ನಿಯಮ ಮಾಡಿದ್ದೇವೆ ಅಂತ ರಾಜ್ಯಪತ್ರದಲ್ಲಿ ಅಂತಿಮವಾಗಿ ಅಚ್ಚಾದರೆ, ನಿಯಮ ಕ್ರಮಬದ್ಧವಾಗಿ ಆಗಿದೆ ಅನ್ನೋದಕ್ಕೆ ಆ ಅಚ್ಚೇ ನಿರ್ಣಾಯಕ ರುಜುವಾತು.

ಇನ್ನೊಂದು ವ್ಯತ್ಯಾಸ ಗಮನಿಸಿ. ದರದ ಆದೇಶ ಸರಿಯಿಲ್ಲ ಅಂದರೆ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ 45 ದಿನದಲ್ಲಿ ಮೇಲ್ಮನವಿ ಹಾಕಬಹುದು. ನಿಯಮ ಸರಿಯಿಲ್ಲ ಅಂದರೆ ಅಲ್ಲಿ ಹೋಗೋಹಾಗಿಲ್ಲ. ಪಿಟಿಸಿ ಇಂಡಿಯಾ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನ ತೀರ್ಮಾನ ಮಾಡಿದೆ. ನಿಯಮ ಅಂದ್ರೆ ಅಧೀನ ಶಾಸನ, ಅಂದರೆ ಕಾಯ್ದೆ ಕೊಟ್ಟ ಅಧಿಕಾರದಲ್ಲಿ ಮಾಡಿದ ಕಾನೂನು, ಅದನ್ನ ಪ್ರಶ್ನಿಸೋರು ಹೈಕೋರ್ಟಿಗೆ ರಿಟ್ ಹಾಕಬೇಕು. ಕರಡಿನ ಕಾಲದಲ್ಲಿ ಒಂದು ಅಂಚೆ ಚೀಟಿಯ ಖರ್ಚು, ಆಮೇಲೆ ಹೈಕೋರ್ಟಿನ ಖರ್ಚು. 6,840 ರೂಪಾಯಿಗೆ ಆ ದಾರಿ ಬೇಡ.

ಭಾಷೆಯ ವಿಷಯ ಬಂತಲ್ಲ, ಅದಕ್ಕೂ ಒಂದು ಉದಾಹರಣೆ ಇದೆ. 2020ರ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆಯನ್ನ ಕೇಂದ್ರ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ಪ್ರಕಟಿಸಿತ್ತು. ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಿಗೆಲ್ಲ ಅನುವಾದ ಮಾಡಿ ಅಂತ ದೆಹಲಿ ಹೈಕೋರ್ಟ್ ಆ ಜೂನ್‌ನಲ್ಲಿ ಹೇಳಿತು. ಆಗಸ್ಟ್‌ನಲ್ಲಿ ನಮ್ಮ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸೋದಕ್ಕೇ ಮಧ್ಯಂತರ ತಡೆ ಕೊಟ್ಟಿತು. ಅಂದರೆ ಕರಡು ಜೀವಂತ ಇರೋವಾಗ "ನನಗೆ ಓದಕ್ಕಾಗ್ತಿಲ್ಲ" ಅಂದರೆ ಅದಕ್ಕೆ ಬೆಲೆ ಇದೆ.

ಸ್ಯಾಕ್ರಮೆಂಟೊ_ದಾವಣಗೆರೆ ಉತ್ತರ:

ಉತ್ತರ ಕೊಡಬೇಕು ಅಂತ ಇಲ್ಲ ಅನ್ನೋದು ಓದಿ ಆಶ್ಚರ್ಯ ಆಯ್ತು, ಅದಕ್ಕೇ ಬರೀತಿದ್ದೀನಿ. ನಾನಿರೋದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿನ ಒಂದು ರಾಜ್ಯ ಇಲಾಖೆಗೆ ಕಾಂಟ್ರಾಕ್ಟ್ ಮೇಲೆ ಸ್ವಲ್ಪ ದಿನ ಕೆಲಸ ಮಾಡಿದ್ದೆ. ಕರಡು ನಿಯಮಕ್ಕೆ ಬಂದ ಪತ್ರ, ಈಮೇಲ್‌ಗಳಿಗೆ ನಂಬರ್ ಹಾಕಿ, ಒಂದೊಂದು ಪತ್ರದಲ್ಲಿ ಎಷ್ಟು ಆಕ್ಷೇಪಣೆ ಇವೆ ಅಂತ ಬಿಡಿಸಿ ಎಕ್ಸೆಲ್‌ಗೆ ಏರಿಸೋ ಕೆಲಸ. ಯಾಕೆ ಅಂದ್ರೆ ಇಲ್ಲಿ ಕನಿಷ್ಠ 45 ದಿನ ಸಾರ್ವಜನಿಕರಿಗೆ ಬಿಡಬೇಕು, ಆ ಅವಧಿಯಲ್ಲಿ ಕರಡಿನ ಬಗ್ಗೆ ಬಂದ ಪ್ರತಿ ಆಕ್ಷೇಪಣೆಗೂ ಯಾಕೆ ಒಪ್ಪಿದ್ವಿ, ಯಾಕೆ ಒಪ್ಪಲಿಲ್ಲ ಅಂತ ಕೊನೆಯ ಕಾರಣ ಹೇಳಿಕೆಯಲ್ಲಿ ಬರೀಬೇಕು. ಕರಡಿನಲ್ಲಿ ಗಣನೀಯ ಬದಲಾವಣೆ ಮಾಡಿದರೆ ಮತ್ತೆ 15 ದಿನ. ಇದೆಲ್ಲ ಆದಮೇಲೆ ಆಡಳಿತ ಕಾನೂನು ಕಚೇರಿ ಅಂತ ಬೇರೆಯೇ ಒಂದು ಕಚೇರಿ ಕಡತ ತರಿಸಿಕೊಂಡು ನೋಡುತ್ತೆ, ನಿಯಮ ಅರ್ಥ ಆಗೋಹಾಗಿದೆಯಾ, ಅದರ ಅಗತ್ಯ ತೋರಿಸಿದ್ದಾರಾ ಅಂತೆಲ್ಲ. ಸರಿ ಇಲ್ಲದಿದ್ದರೆ ವಾಪಸ್.

ಇಲ್ಲೂ ಸ್ವರ್ಗ ಏನಲ್ಲ. ದೊಡ್ಡ ಕಂಪನಿಗಳು 80 ಪುಟದ ಪತ್ರ ವಕೀಲರ ಕೈಲಿ ಬರೆಸ್ತವೆ. ಒಂದೇ ಒಕ್ಕಣೆಯ ಮುನ್ನೂರು ಪತ್ರ ಬಂದರೆ ಒಟ್ಟುಗೂಡಿಸಿ ಒಂದೇ ಉತ್ತರ. ನಾನು ನೋಡಿದ್ದರಲ್ಲಿ ನೆನಪಿರೋದು ಕೈಬರಹದ ಒಂದೇ ಪುಟದ ಪತ್ರ. ಕರಡಿನ ಒಂದು ಉಪಖಂಡ ಅವರ ಸಣ್ಣ ಅಂಗಡಿಗೆ ಹೇಗೆ ಹೊಂದಲ್ಲ ಅಂತ ಬರೆದಿದ್ದರು. ಅದಕ್ಕೆ ಅಧಿಕಾರಿಗಳು ಅರ್ಧ ದಿನ ಕೂತು ಚರ್ಚೆ ಮಾಡಿದ್ರು.

ಕಡತದ_ಹುಳ ಉತ್ತರ:

ಅದನ್ನೇ ನಮ್ಮ ಸುಪ್ರೀಂ ಕೋರ್ಟೂ 2016ರಲ್ಲಿ ಹೇಳಿದ್ದು ಸ್ವಾಮಿ. ಕಾಲ್ ಡ್ರಾಪ್ ಆದರೆ ಗ್ರಾಹಕನಿಗೆ ಒಂದು ರೂಪಾಯಿ, ದಿನಕ್ಕೆ ಮೂರರ ತನಕ ಕೊಡಬೇಕು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಮಾಡಿದ್ದ ನಿಯಮವನ್ನ ಹೊಡೆದುಹಾಕಿದ ತೀರ್ಪದು. ಅಮೆರಿಕದ ಆಡಳಿತ ಕಾರ್ಯವಿಧಾನ ಕಾಯ್ದೆಯ ಮಾದರಿಯಲ್ಲಿ ಇಲ್ಲೂ ಒಂದು ಕಾನೂನು ಮಾಡೋದನ್ನ ಸಂಸತ್ತು ಯೋಚಿಸಲಿ ಅಂದರು. ತಮಾಷೆ ನೋಡಿ, ಆ ಕೇಸು ಗೆದ್ದಿದ್ದು ಗ್ರಾಹಕರಲ್ಲ, ಮೊಬೈಲ್ ಕಂಪನಿಗಳು.

ಹಳೇ_ಸೆಕ್ರೆಟರಿ ಉತ್ತರ:

ಕೋರ್ಟಿನ ಮಾತು ದೊಡ್ಡವರಿಗೆ ಬಿಡೋಣ. ತಂಗಿ, ನಿಮ್ಮ 30 ದಿನ ಹೋಯಿತು, ಅದಕ್ಕೆ ಅತ್ತು ಪ್ರಯೋಜನ ಇಲ್ಲ. ಆದರೆ ನಿಯಮ ಕಲ್ಲಿನ ಶಾಸನ ಅಲ್ಲ, ತಿದ್ದುಪಡಿ ಮೇಲೆ ತಿದ್ದುಪಡಿ ಬರ್ತಾನೇ ಇರ್ತವೆ. ನಿಮ್ಮ ಕೈಗೆ ಬಂದ ಕರಡೂ ತಿದ್ದುಪಡಿಯದೇ ಅಲ್ವಾ? ಮುಂದಿನ ತಿದ್ದುಪಡಿಗೆ ಇಂಥದ್ದು ಸೇರಿಸಿ ಅಂತ ಆಯೋಗದ ಕಾರ್ಯದರ್ಶಿಗೆ ಇವತ್ತೇ ಪತ್ರ ಬರೀಬಹುದು, ಬೆಂಗಳೂರು ವಸಂತನಗರದ ವಿಳಾಸಕ್ಕೆ. ಕಡತದಲ್ಲಿ ಕೂತಿರುತ್ತೆ. ಜೊತೆಗೆ ಆಯೋಗಕ್ಕೆ ಸಲಹೆ ಕೊಡೋಕೆ ರಾಜ್ಯ ಸಲಹಾ ಸಮಿತಿ ಅಂತ ಇದೆ, ಕಾಯ್ದೆ ಪ್ರಕಾರ 21 ಜನ ಮೀರದ ಹಾಗೆ, ಅದರಲ್ಲಿ ವ್ಯಾಪಾರ, ಕೈಗಾರಿಕೆ, ಕೃಷಿ, ಗ್ರಾಹಕರ ಕಡೆಯವರೆಲ್ಲ ಇರಬೇಕು. ಕೈಗಾರಿಕೆ ಪರವಾಗಿ ಯಾರಿದ್ದಾರೆ ನೋಡಿ ಅವರಿಗೂ ಒಂದು ಪ್ರತಿ ಹಾಕಿ.

ಇನ್ನೊಂದು, ಇದು ವಿಷಯದಿಂದ ಆಚೆ, ಆದರೂ ಹೇಳ್ತೀನಿ. ಠೇವಣಿಗೆ ಬಡ್ಡಿ ಕೊಡಬೇಕು ಅಂತ 47ನೇ ಸೆಕ್ಷನ್ನಿನಲ್ಲಿದೆ, ಕಮ್ಮಿ ಅಂದ್ರೂ ಬ್ಯಾಂಕ್ ದರದಷ್ಟು. ನಿಮ್ಮ ಅಪ್ಪನ ಕಾಲದ ಠೇವಣಿಗೂ ಸೇರಿ. ವರ್ಷಕ್ಕೊಮ್ಮೆ ಬಿಲ್ಲಿನಲ್ಲಿ ಕಳೆದಿದ್ದಾರಾ ನೋಡಿಕೊಳ್ಳಿ. ನಾನು ಕೇಳಿದಾಗ ಹತ್ತರಲ್ಲಿ ಎಂಟು ಜನ "ಬಡ್ಡಿನಾ?" ಅಂತ ಬಾಯಿ ಬಿಡ್ತಾರೆ.

ಪತ್ರ ಬರೆದು ಇಲ್ಲಿ ಹಾಕಿ, ನೋಡೋಣ. ಬೈಗುಳ ಬೇಡ, ಕಣ್ಣೀರು ಬೇಡ. ನಿಮ್ಮ ಬಿಲ್ಲಿನ ಅಂಕಿ ಬೇಕು, ಮತ್ತೆ ಕೊನೆಯಲ್ಲಿ ನಿಯಮದಲ್ಲಿ ಯಾವ ವಾಕ್ಯ ಬರಬೇಕೋ ಅದನ್ನ ನೀವೇ ಬರೆದು ಕೊಡಬೇಕು. ಕಡತ ನೋಡೋ ಗುಮಾಸ್ತನಿಗೆ ಸಿದ್ಧ ವಾಕ್ಯ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಇದು ನಾನು ಸಂಘದಲ್ಲಿ ಬೈಲಾ ತಿದ್ದುವಾಗ ಕಲ್ತಿದ್ದು. "ಏನಾದರೂ ಮಾಡಿ" ಅಂತ ಬಂದ ಅರ್ಜಿಗೆ ನಾನೇ "ಪರಿಶೀಲಿಸಲಾಗುವುದು" ಅಂತ ಷರಾ ಹಾಕಿ ಕಟ್ಟು ಕಟ್ಟಿಡ್ತಿದ್ದೆ.

ಗಿರಣಿಯವಳು ಉತ್ತರ:

ನಾಲ್ಕು ದಿನ ಆಯ್ತು, ಮೆಣಸಿನಕಾಯಿ ಹೊಟ್ಟಿನ ಮಧ್ಯೆ ಕೂತು ಬರೆದಿದ್ದೀನಿ. ಬಿಲ್ಲುಗಳನ್ನೆಲ್ಲ ಅಪ್ಪನ ಅಭ್ಯಾಸದಂತೆ ಕಬ್ಬಿಣದ ತಂತಿಗೆ ಚುಚ್ಚಿ ಇಟ್ಟಿದ್ದೆ, ಎರಡು ವರ್ಷದ್ದು ಬಿಡಿಸಿ ಲೆಕ್ಕ ಹಾಕಿದೆ. ಬಡ್ಡಿ ವಿಷಯ: ಕಳೆದಿದ್ದಾರೆ ಅಣ್ಣಾ, ಜೂನ್ ಬಿಲ್ಲಿನಲ್ಲಿತ್ತು, ನಾನೇ ನೋಡಿರಲಿಲ್ಲ. ಪತ್ರದ ಮುಖ್ಯ ಭಾಗ ಇದು:

"ನಮ್ಮದು ಹಂಗಾಮಿನ ಮೇಲೆ ನಡೆಯುವ ಗಿರಣಿ. ಕಳೆದ ಏಪ್ರಿಲ್‌ನಲ್ಲಿ ನನ್ನ ಬಳಕೆ 1,140 ಯೂನಿಟ್, ಆಗಸ್ಟ್‌ನಲ್ಲಿ 260 ಯೂನಿಟ್. ಹೆಚ್ಚುವರಿ ಠೇವಣಿಯ ನೋಟಿಸ್ ಬಂದಿದ್ದು ಆಗಸ್ಟ್‌ನಲ್ಲಿ. ನಮ್ಮಂಥ ಬಡವರ ಹೊಟ್ಟೆ ಮೇಲೆ ಹೊಡೆಯುವ ಈ ಕ್ರೂರ ನಿಯಮವನ್ನು ದೇವರೂ ಕ್ಷಮಿಸುವುದಿಲ್ಲ. ವರ್ಷದ ಸರಾಸರಿ ಮೇಲೆ ಠೇವಣಿ ಲೆಕ್ಕ ಹಾಕುವುದಕ್ಕೆ ನನ್ನ ತಕರಾರಿಲ್ಲ, ಕಟ್ಟುವ ಕಾಲದ ಬಗ್ಗೆ ಮಾತ್ರ ಕೋರಿಕೆ. ಈ ಕೆಳಗಿನ ವಾಕ್ಯವನ್ನು ಸೇರಿಸಬೇಕು: ಹಿಂದಿನ 12 ತಿಂಗಳಲ್ಲಿ ಅತಿ ಹೆಚ್ಚು ಬಳಕೆಯ ತಿಂಗಳ ಯೂನಿಟ್, ಅತಿ ಕಡಿಮೆ ಬಳಕೆಯ ತಿಂಗಳ ಯೂನಿಟ್‌ಗಿಂತ ಮೂರು ಪಟ್ಟಿಗೂ ಹೆಚ್ಚಿರುವ ಸಣ್ಣ ಕೈಗಾರಿಕಾ ಗ್ರಾಹಕರು ಲಿಖಿತವಾಗಿ ಕೋರಿದಲ್ಲಿ, ಹೆಚ್ಚುವರಿ ಠೇವಣಿಯನ್ನು ಮೂರು ಸಮ ಮಾಸಿಕ ಕಂತುಗಳಲ್ಲಿ ಪಾವತಿಸಲು ಅವಕಾಶ ನೀಡಬಹುದು."

ಗುಂಪಿನ ಇನ್ನೂ ಹನ್ನೊಂದು ಜನ ಇದನ್ನೇ ಕಾಪಿ ಮಾಡಿ ಸಹಿ ಹಾಕಿ ಕಳಿಸ್ತೀವಿ ಅಂತಿದ್ದಾರೆ.

ಶಾಕ್_ಹೊಡೆದವ ಉತ್ತರ:

ದೇವರ ಸಾಲು ಬಿಟ್ಟರೆ ಚೆನ್ನಾಗಿದೆ ಕಣಕ್ಕ. ನಾನೂ ಒಂದು ಐಸ್ ಫ್ಯಾಕ್ಟರಿ ಇಟ್ಟಿದ್ದೀನಿ, ನಮ್ಮದೂ ಇದೇ ಗೋಳು, ಬೇಸಿಗೆ ಬಿಟ್ಟರೆ ಸೊನ್ನೆ. ನನ್ನ ಬಿಲ್ ಹಾಕಿ ಒಂದು ಬರೀಲಾ?

ಹಳೇ_ಸೆಕ್ರೆಟರಿ ಉತ್ತರ:

ಬರೀರಿ, ಬರೀರಿ! ಐಸ್ ಫ್ಯಾಕ್ಟರಿ ಅಂತ ಬೇರೆ ದಂಧೆಯಿಂದಲೂ ಬಂದರೆ ತೂಕ ಬೇರೆ.

ತಂಗಿ, ದೇವರನ್ನ ತೆಗೆಯಿರಿ. ತಕರಾರಿಲ್ಲ ಅಂತ ಬರೆದಿದ್ದೀರಲ್ಲ, ಆ ಸಾಲು ಮಾತ್ರ ಮುಟ್ಟಬೇಡಿ, ಇಡೀ ಪತ್ರದ ಜೀವ ಅದರಲ್ಲಿದೆ. 24 ತಿಂಗಳ ಯೂನಿಟ್ಟು ಒಂದು ಪಟ್ಟಿ ಮಾಡಿ ಹಿಂದೆ ಲಗತ್ತಿಸಿ, ಬಿಲ್ಲಿನಲ್ಲಿರೋ ಆರ್.ಆರ್. ನಂಬರ್ ಹಾಕಿ. ಹನ್ನೊಂದು ಜನ ಕಾಪಿ ಮಾಡೋದು ಬೇಡ, ಸ್ಯಾಕ್ರಮೆಂಟೊದವರು ಹೇಳಿದ್ದು ಓದಿದ್ರಲ್ಲ. ಕೊನೆಯ ವಾಕ್ಯ ಎಲ್ಲರದೂ ಒಂದೇ ಇರಲಿ, ಮೇಲಿನ ಅಂಕಿ ಅವರವರದು ಇರಲಿ.

ಇನ್ನೊಂದೇ ಒಂದು ಪದ. "ಅವಕಾಶ ನೀಡಬಹುದು" ಅಂತ ಬರೆದಿದ್ದೀರಿ. ನೀಡಬಹುದು ಅಂದರೆ ಸಾಹೇಬರ ಮರ್ಜಿ, ನೀಡದೇನೂ ಇರಬಹುದು. "ಅವಕಾಶ ನೀಡತಕ್ಕದ್ದು" ಅಂತ ಮಾಡಿ.

ರಿಜಿಸ್ಟರ್ಡ್ ಪೋಸ್ಟ್ ಈಗ ಸ್ಪೀಡ್ ಪೋಸ್ಟಿಗೇ ಸೇರಿಹೋಗಿದೆ. ರಸೀದಿ ಬಿಸಾಡಬೇಡಿ, ಅದನ್ನೂ ಆ ತಂತಿಗೇ ಚುಚ್ಚಿ.

ಗಿರಣಿಯವಳು ಉತ್ತರ:

ತಕ್ಕದ್ದು ಮಾಡಿದೆ. ನಾಳೆ ಸಂತೆ, ಗಿರಣಿ ಬಿಟ್ಟು ಅಲ್ಲಾಡಕ್ಕಾಗಲ್ಲ. ನಾಡಿದ್ದು ಬೆಳಿಗ್ಗೆ ಪೋಸ್ಟ್ ಆಫೀಸ್ ಬಾಗಿಲು ತೆಗೆಯೋ ಹೊತ್ತಿಗೆ ನಿಂತಿರ್ತೀನಿ.